ಸರ್ವರ್ ವಾಪಸ್ ಫೋನ್ ಮಾಡಿದ ದಿನ

ಇನ್ನು ಮುಂದೆ ನಾನು ಆಫೀಸಿಗೆ ಹೋಗುವುದಿಲ್ಲ, ಆಫೀಸೇ ನನ್ನ ಮನೆಗೆ ಬರುತ್ತದೆ!

ಹೀಗೆಂದು ನಾನು ಘೋಷಿಸಿದ್ದು ಅಜ್ಜಂಪುರದ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡವಳು ನನ್ನ ಹೆಂಡತಿ ಸುಮನಾ. ರೊಟ್ಟಿ ತಟ್ಟುತ್ತಿದ್ದವಳು ತಿರುಗಿಯೂ ನೋಡದೆ, "ಬರೋದಾದ್ರೆ ಚಪ್ಪಲಿ ಹೊರಗೇ ಬಿಟ್ಟು ಬರೋಕ್ಹೇಳಿ. ಈಗ್ತಾನೆ ನೆಲ ಒರೆಸಿದೀನಿ" ಎಂದಳು.

ಇಂಥ ಮಾತಿಗೆ ಎದೆಗುಂದುವವನು ನಾನಲ್ಲ. ನಾನು ಕಡೂರಿನ ಒಂದು ತೆಂಗು ಬೆಳೆಗಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಸಂಘದಲ್ಲಿ ಕಂಪ್ಯೂಟರ್ ಎಂದರೆ ರುದ್ರಮೂರ್ತಿ, ರುದ್ರಮೂರ್ತಿ ಎಂದರೆ ಕಂಪ್ಯೂಟರ್. ಎರಡೂ ಆಗಾಗ ಕಾರಣ ಹೇಳದೆ ನಿಂತುಬಿಡುತ್ತವೆ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಸಂಘದ ಕೊಬ್ಬರಿ ದಾಸ್ತಾನು, ಸದಸ್ಯರ ಖಾತೆ, ಹರಾಜಿನ ದರ ಎಲ್ಲವೂ ಕಡೂರಿನ ಕಚೇರಿಯ ಮೂಲೆಯಲ್ಲಿ ಕೂತಿರುವ ಸರ್ವರಿನ ಹೊಟ್ಟೆಯಲ್ಲಿವೆ. ಆ ಹೊಟ್ಟೆ ಸವರುವುದಕ್ಕೆ ನಾನು ದಿನಾ ಅಜ್ಜಂಪುರದಲ್ಲಿ ರೈಲು ಹತ್ತಬೇಕು, ಬೀರೂರಿನಲ್ಲಿ ಇಳಿಯಬೇಕು, ಅಲ್ಲಿಂದ ಬಸ್ಸಿನ ಬಾಗಿಲಿಗೆ ಜೋತುಬೀಳಬೇಕು. ರೈಲು ತನಗೆ ಮನಸ್ಸು ಬಂದಾಗ ಬರುತ್ತದೆ. ನನಗೆ ಮನಸ್ಸಿರಲಿ ಬಿಡಲಿ, ಪ್ಲಾಟ್‌ಫಾರ್ಮಿನಲ್ಲಿ ನಿಂತಿರಬೇಕು.

ಆದ್ದರಿಂದ ಮನೆಯಲ್ಲೊಂದು ಕಂಪ್ಯೂಟರ್ ತಂದೆ. ಜೊತೆಗೊಂದು ಮೋಡೆಮ್. ಮೋಡೆಮ್ ಎಂದರೆ ಕಂಪ್ಯೂಟರಿಗೆ ಫೋನ್ ಮಾಡಲು ಬರುವಂತೆ ಮಾಡುವ ಸಣ್ಣ ಡಬ್ಬಿ. ಮನೆಯ ಡಬ್ಬಿ ಕಚೇರಿಯ ಡಬ್ಬಿಗೆ ಫೋನ್ ಮಾಡುತ್ತದೆ. ಎರಡೂ ಮೊದಲು ಬಾಗಿಲಿಗೆ ಬಾಲ ಸಿಕ್ಕಿಕೊಂಡ ಬೆಕ್ಕುಗಳ ಹಾಗೆ ಕಿರುಚಿಕೊಳ್ಳುತ್ತವೆ. ಅದು ಅವುಗಳ ಕುಶಲೋಪರಿ! ಆಮೇಲೆ ನಾನು ಉಯ್ಯಾಲೆಯ ಮೇಲೆ ಕಾಫಿ ಕುಡಿಯುತ್ತಾ ಕಡೂರಿನ ಕೊಬ್ಬರಿಯನ್ನು ಆಳಬಹುದು.

ಅಡ್ಡ ಬಂದವರು ಸಂಘದ ಸೆಕ್ರೆಟರಿ ಪಂಚಾಕ್ಷರಪ್ಪನವರು.

"ಏನ್ರೀ ರುದ್ರಮೂರ್ತಿ, ನೀವು ಫೋನ್ ಮಾಡಿ ಒಳಗೆ ಬರಬಹುದು ಅಂದ್ರೆ ಕಳ್ಳನೂ ಫೋನ್ ಮಾಡಿ ಒಳಗೆ ಬರಬಹುದಲ್ರೀ? ನಮ್ಮ ಸ್ಟಾಕ್ ಎಷ್ಟಿದೆ ಅಂತ ಮಂಡಿಯವರಿಗೆ ಗೊತ್ತಾದ್ರೆ ರೇಟ್ ಇಳಿಸಿ ನಮ್ಮನ್ನ ಮಲಗಿಸಿಬಿಡ್ತಾರೆ."

ಇಂಥ ಪ್ರಶ್ನೆಗಾಗಿಯೇ ನಾನು ಹುಟ್ಟಿದ್ದೆ. "ಸಾರ್, ಅದಕ್ಕೇ ಇರೋದು ಕಾಲ್‌ಬ್ಯಾಕ್! ಯಾರೇ ಫೋನ್ ಮಾಡ್ಲಿ, ಸರ್ವರ್ ಒಳಗೆ ಬಿಟ್ಕೊಳ್ಳಲ್ಲ. ಟಪ್ ಅಂತ ಲೈನ್ ಕಟ್ ಮಾಡುತ್ತೆ. ಆಮೇಲೆ ತಾನೇ ನಮ್ಮನೆ ನಂಬರಿಗೆ ವಾಪಸ್ ಫೋನ್ ಮಾಡುತ್ತೆ. ಕಳ್ಳ ಫೋನ್ ಮಾಡಿದ್ರೂ ರಿಂಗಾಗೋದು ನಮ್ಮನೇಲೇ!"

ಪಂಚಾಕ್ಷರಪ್ಪನವರು ಕನ್ನಡಕ ತೆಗೆದು ನನ್ನನ್ನು ಬರಿಗಣ್ಣಿನಿಂದ ಗೌರವಿಸಿದರು. ಬುಧವಾರ ಬೆಳಿಗ್ಗೆ ನಿರ್ದೇಶಕರೆಲ್ಲ ಸರ್ವರಿನ ಮುಂದೆ ಕುಳಿತಿರುವುದು, ನಾನು ಅಜ್ಜಂಪುರದಿಂದಲೇ ಅದರೊಳಗೆ ಪ್ರವೇಶಿಸಿ ಎಲ್ಲರಿಗೂ ನಮಸ್ಕಾರ ಹೇಳುವುದು ಎಂದು ನಿಶ್ಚಯವಾಯಿತು.

ನಾನು ಮಾಡಿದ ಏರ್ಪಾಡನ್ನು ಸ್ವಲ್ಪ ವಿವರಿಸಬೇಕು. ಫೋನ್ ಮಾಡಿದವರಿಂದ ಮೊದಲು ಪಾಸ್‌ವರ್ಡ್ ಕೇಳಿ, ಅದು ಸರಿಯಾಗಿದ್ದರೆ ಮಾತ್ರ ವಾಪಸ್ ಫೋನ್ ಮಾಡಬೇಕು ಎಂದು ಪುಸ್ತಕದಲ್ಲಿತ್ತು. ನಮ್ಮ ಲೈನಿನ ಗರಗರ ಸದ್ದಿನಲ್ಲಿ ಪಾಸ್‌ವರ್ಡ್ ಅರ್ಧಕ್ಕೇ ಕಲಸಿಹೋಗುತ್ತಿತ್ತು. ಕಳ್ಳ ಫೋನ್ ಮಾಡಿದರೂ ರಿಂಗಾಗುವುದು ನಮ್ಮ ಮನೆಯಲ್ಲೇ ಅಂದಮೇಲೆ ಪಾಸ್‌ವರ್ಡ್ ಏಕೆ? ತೆಗೆದುಬಿಟ್ಟೆ! ಕಚೇರಿಗೆ ಇರುವುದು ಒಂದೇ ಫೋನ್ ಲೈನು. ಸೆಕ್ರೆಟರಿಯವರ ಮೇಜಿಗೂ ಸರ್ವರಿಗೂ ಅದೇ ತಂತಿ. ಸೆಕ್ರೆಟರಿಯವರು ಫೋನಿನ ಸದ್ದು ಕೇಳಿ, ಯಾರಿರಬಹುದು ಎಂದು ಯೋಚಿಸಿ, ಆಮೇಲೆ ಕೈ ಚಾಚುವವರು. ಆದ್ದರಿಂದ ಮೊದಲ ರಿಂಗಿಗೇ ಸರ್ವರ್ ಎತ್ತಬೇಕೆಂದು ಅಪ್ಪಣೆ ಮಾಡಿದೆ. ವಾಪಸ್ ಮಾಡಿದಾಗ ನಾನು ಸಿಗದಿದ್ದರೆ? ಸಿಗುವವರೆಗೂ ಮಾಡುತ್ತಲೇ ಇರಬೇಕು! ನನ್ನ ಸರ್ವರಿಗೆ ಸೋಲು ಗೊತ್ತಿರಬಾರದು!

ಬುಧವಾರ ಬಂತು. ನನಗೆ ಮಾತ್ರ ಬಂದಿದ್ದರೆ ಚೆನ್ನಾಗಿತ್ತು. ಸುಮನಾಗೂ ಅದೇ ಬುಧವಾರ ಬಂದಿತ್ತು.

ಸುಮನಾ ಬಿ.ಎಡ್. ಮಾಡಿದವಳು. ಮದುವೆಯಾದ ಮೇಲೆ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸುಮ್ಮನಾಗಿದ್ದವಳನ್ನು ತರೀಕೆರೆಯ ಒಂದು ಹೊಸ ಹೈಸ್ಕೂಲಿನವರು ಸಂದರ್ಶನಕ್ಕೆ ಕರೆದಿದ್ದರು. ಕೊನೆಗೆ ಉಳಿದವರು ಇಬ್ಬರು, ಇವಳು ಮತ್ತು ಇನ್ನೊಬ್ಬಳು. ಮುಖ್ಯೋಪಾಧ್ಯಾಯಿನಿ ಪ್ರೇಮಮ್ಮನವರು, "ಇನ್ನೂ ಒಂದೆರಡು ಮಾತು ಕೇಳೋದಿದೆ. ಬುಧವಾರ ಬೆಳಿಗ್ಗೆ ನಿಮ್ಮನೆಗೆ ಫೋನ್ ಮಾಡ್ತೀನಿ. ಅವತ್ತು ಸಂಜೆ ಸ್ಕೂಲ್ ಬಿಡೋ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಅಂತ ತೀರ್ಮಾನ ಮಾಡ್ಬಿಡ್ತೀನಿ" ಎಂದಿದ್ದರು. ಶಾಲೆಗೆ ಇನ್ನೂ ಫೋನ್ ಬಂದಿರಲಿಲ್ಲ. ಅವರು ಎದುರಿನ ಬೂತಿನಿಂದ ಮಾಡಬೇಕು, ಇವಳು ಇಲ್ಲಿ ಎತ್ತಬೇಕು. ಇವಳೇ ಮಾಡುವುದಕ್ಕೆ ನಂಬರಿಲ್ಲ.

ಎರಡು ದಿನದಿಂದ ಅವಳು ಅಭ್ಯಾಸ ಮಾಡುತ್ತಿದ್ದಳು. "ನಮಸ್ಕಾರ ಮೇಡಂ, ನಾನು ಸುಮನಾ ಮಾತಾಡ್ತಿರೋದು." ಇದನ್ನು ಮಜ್ಜಿಗೆ ಕಡೆಯುವಾಗ ಹೇಳುತ್ತಿದ್ದಳು, ಬಟ್ಟೆ ಹಿಂಡುವಾಗ ಹೇಳುತ್ತಿದ್ದಳು, ಒಗ್ಗರಣೆಯ ಸಾಸಿವೆಗೂ ಹೇಳುತ್ತಿದ್ದಳು. ಸಾಸಿವೆ ಚಟಪಟ ಎಂದು ಉತ್ತರ ಕೊಟ್ಟರೆ ಅವಳ ಮುಖ ಅರಳುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ಆದರೂ ಬುಧವಾರ ಬೆಳಿಗ್ಗೆ ಮೋಡೆಮಿನ ತಂತಿ ಹಿಡಿದುಕೊಂಡು ಫೋನಿನ ಹತ್ತಿರ ಹೋದೆನಲ್ಲ, ಗಂಡಸು ಎಂದರೆ ಇದೇ!

"ಫೋನ್ ಮುಟ್ಟಬೇಡಿ" ಎಂದಳು.

"ಒಂದೇ ನಿಮಿಷ ಕಣೇ. ನಾನು ಫೋನ್ ಮಾಡ್ತೀನಿ, ಅದು ಕಟ್ ಮಾಡುತ್ತೆ, ವಾಪಸ್ ಮಾಡುತ್ತೆ, ನಿರ್ದೇಶಕರಿಗೆ ನಮಸ್ಕಾರ ಹೇಳ್ತೀನಿ, ಮುಗೀತು. ಆಮೇಲೆ ಫೋನ್ ನಿನ್ನದೇ."

"ಆ ಒಂದು ನಿಮಿಷದಲ್ಲೇ ಮೇಡಂ ಮಾಡಿದ್ರೆ?"

"ಇಡೀ ಬೆಳಿಗ್ಗೆಯಲ್ಲಿ ಅದೇ ನಿಮಿಷಕ್ಕೆ ಮಾಡ್ತಾರಾ? ಒಳ್ಳೆ ಕಥೆ!"

ಮಾಡಿದೆ. ಕಡೂರಿನ ಸರ್ವರ್ ಒಂದೇ ರಿಂಗಿಗೆ ಎತ್ತಿತು, ಟಪ್ ಎಂದು ಕಟ್ ಮಾಡಿತು. "ನೋಡ್ದಾ! ಎಷ್ಟು ಶಿಸ್ತು!" ಎಂದು ನಾನು ಮೀಸೆ ತಿರುವುವಷ್ಟರಲ್ಲಿ ನಮ್ಮ ಫೋನ್ ರಿಂಗಾಯಿತು. ಮೋಡೆಮ್ ಎತ್ತುವ ಮೊದಲೇ ಸುಮನಾ ಅಡುಗೆಮನೆಯಿಂದ ಹಾರಿ ಬಂದು ರಿಸೀವರ್ ಕಿತ್ತುಕೊಂಡಳು.

"ನಮಸ್ಕಾರ ಮೇಡಂ, ನಾನು ಸುಮನಾ ಮಾತಾ..."

ಕ್ರೀಈಈಈಂಯ್ಞ್!

ರಿಸೀವರನ್ನು ಮಾರುದ್ದ ದೂರ ಹಿಡಿದು ನನ್ನ ಕಡೆ ನೋಡಿದಳು. "ನಿಮ್ಮೋರು" ಎಂದು ಕೊಟ್ಟಳು.

ಅಷ್ಟರಲ್ಲಿ ಲೈನ್ ತಪ್ಪಿತ್ತು. ಸರ್ವರಿಗೆ ಸೋಲು ಗೊತ್ತಿಲ್ಲವಲ್ಲ, ಮತ್ತೆ ರಿಂಗಾಯಿತು. ಸುಮನಾ ಮತ್ತೆ ಎತ್ತಿದಳು. ಮತ್ತೆ ಕ್ರೀಂಯ್!

"ಮಾರಾಯ್ತಿ, ನೀನು ಎತ್ತಬೇಡ! ಮೋಡೆಮ್ ತಾನೇ ಎತ್ತುತ್ತೆ. ನೀನು ಎತ್ತೋದ್ರಿಂದ್ಲೇ ಅದು ಮತ್ತೆ ಮತ್ತೆ ಮಾಡ್ತಿರೋದು."

"ಎತ್ತದೆ ಹೇಗಿರ್ಲಿ? ಯಾರು ಮಾಡಿದಾರೆ ಅಂತ ಹಣೆ ಮೇಲೆ ಬರ್ಕೊಂಡ್ ಬರುತ್ತಾ ಫೋನು?"

"ಈ ಒಂದ್ಸಲ ಮಾತ್ರ ಕೈ ಕಟ್ಕೊಂಡು ಕೂತ್ಕೋ. ನನ್ನಾಣೆ."

ಅವಳು ಕೈ ಕಟ್ಟಿಕೊಂಡು ಕೂತಳು. ಕಾಲು ಮಾತ್ರ ಹೊಲಿಗೆ ಮಿಷನ್ ತುಳಿಯುವಂತೆ ಕುಣಿಯುತ್ತಿತ್ತು. ಫೋನ್ ರಿಂಗಾಯಿತು. ನನ್ನ ಮೋಡೆಮ್ ಸಿಪಾಯಿಯಂತೆ ಎದ್ದು ಲೈನ್ ಹಿಡಿದು, ಬಂದವರಿಗೆ ಪೂರ್ಣ ಮರ್ಯಾದೆಯೊಂದಿಗೆ ಕಿರುಚಿತು. ಆ ಕಡೆಯಿಂದ ಕಿರುಚಾಟ ಬರಬೇಕಿತ್ತು, ಬರಲಿಲ್ಲ. ಡಬ್ಬಿಯೊಳಗಿನ ಪುಟ್ಟ ಸ್ಪೀಕರಿನಿಂದ ಗಾಬರಿಯಾದ ಹೆಂಗಸಿನ ದನಿ ಬಂತು.

"ಹಲೋ... ಅಯ್ಯೋ, ಯಾರ್ರೀ ಅದು? ಏನಾಯ್ತ್ರೀ? ಯಾರಾದ್ರೂ ಬಿದ್ರಾ?"

ನನ್ನ ಮೋಡೆಮ್ ಇನ್ನೂ ಗಟ್ಟಿಯಾಗಿ ಕಿರುಚಿತು. ಆ ಕಡೆ ಫೋನ್ ಇಟ್ಟರು.

ಸುಮನಾಳ ಕಾಲು ನಿಂತುಹೋಯಿತು. "ಅದು ಮೇಡಂ ದನಿ" ಎಂದಳು, ಬಹಳ ಮೆಲ್ಲಗೆ. ಅವಳು ಕೂಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮೋಡೆಮಿನ ತಂತಿಯನ್ನು ನಾನೇ ಕಿತ್ತು ಅವಳ ಮುಂದಿಟ್ಟೆ. ಶರಣಾಗತಿ! ಇನ್ನು ಬರುವುದೆಲ್ಲ ಅವಳ ಫೋನೇ. ಫೋನ್ ರಿಂಗಾಯಿತು, ಎತ್ತಿದಳು, ಕ್ರೀಂಯ್. ಇಟ್ಟಳು. ರಿಂಗ್. ಕ್ರೀಂಯ್. ನಾನು ಮನೆಯೊಳಗೆ ಗೋಡೆಯಿಂದ ಗೋಡೆಗೆ ಓಡಾಡತೊಡಗಿದೆ. ನನ್ನ ಕಡೆಯಿಂದ ಯಾರೂ ಫೋನ್ ಮಾಡುತ್ತಿಲ್ಲ, ಇದು ಯಾರಿಗೆ ವಾಪಸ್ ಮಾಡುತ್ತಿದೆ? ಸಿಗುವವರೆಗೂ ಮಾಡು ಎಂದಿದ್ದೆ ನಿಜ. ಆದರೆ ಒಂದೊಂದು ಸಲ ಸ್ವಲ್ಪ ಹೊತ್ತು ತೆಪ್ಪಗಿದ್ದು, ಇದ್ದಕ್ಕಿದ್ದಂತೆ ಹೊಸ ಹುರುಪಿನಿಂದ ಶುರು ಮಾಡುತ್ತದೆ. ದೆವ್ವ ಹಿಡಿದಿದೆಯೇ?

ಉತ್ತರ ಪಕ್ಕದ ಮನೆಯ ಕಮಲಾಕ್ಷಮ್ಮನವರ ರೂಪದಲ್ಲಿ ಬಂತು. ಅವರಿಗೆ ಊರಾಚೆ ತೆಂಗಿನ ತೋಟವಿದೆ, ಮನೆಯಲ್ಲಿ ಫೋನಿಲ್ಲ. ನಮ್ಮ ಫೋನೇ ಅವರ ಫೋನು.

"ಏನಪ್ಪಾ ರುದ್ರಮೂರ್ತಿ, ಇವತ್ತು ಕೊಬ್ರಿ ಹರಾಜು ಕಣಪ್ಪಾ. ನಿಮ್ ಸಂಗ್ದಾಗೆ ರೇಟ್ ಏಳ್ತಾರಲ್ಲ, ಒಂದ್ ಫೋನ್ ಮಾಡ್ಕೊಡು."

"ಈಗ ಬೇಡ ಕಮಲಾಕ್ಷಮ್ಮ, ಇವಳ ಫೋನ್ ಬರೋದಿದೆ..." ಎನ್ನುವಷ್ಟರಲ್ಲಿ ಅವರೇ ನಂಬರು ಒತ್ತಿ ಆಗಿತ್ತು. ಸಂಘದ ನಂಬರು ಈ ಸೀಮೆಯ ತೆಂಗು ಬೆಳೆಯುವ ಪ್ರತಿಯೊಬ್ಬರಿಗೂ ಬಾಯಿಪಾಠ.

"ಒಂದ್ ರಿಂಗು ಓಯ್ತು, ಟಪ್ ಅಂತ ಇಟ್ಬಿಟ್ರು. ಏನ್ ಜನವೋ!" ಎಂದು ಅವರು ರಿಸೀವರ್ ಇಟ್ಟರು. ಇಟ್ಟ ಕೈ ತೆಗೆಯುವ ಮೊದಲೇ ನಮ್ಮ ಫೋನ್ ರಿಂಗಾಯಿತು. ಕ್ರೀಂಯ್!

ನಾನು ಹಾಗೇ ನೆಲದ ಮೇಲೆ ಕುಸಿದು ಕುಳಿತೆ.

ಯಾರೇ ಫೋನ್ ಮಾಡಲಿ, ಸರ್ವರ್ ಕಟ್ ಮಾಡಿ ನಮ್ಮ ಮನೆಗೆ ವಾಪಸ್ ಮಾಡುತ್ತದೆ! ಹರಾಜಿನ ದಿನ. ಹಿರೇನಲ್ಲೂರಿನಿಂದ ಅಂತರಘಟ್ಟೆಯವರೆಗೆ ತೋಟವಿರುವ ಅಷ್ಟೂ ಜನ ಕೊಬ್ಬರಿ ದರ ಕೇಳಲು ಕಡೂರಿಗೆ ಫೋನ್ ಮಾಡುತ್ತಿದ್ದಾರೆ. ಅಷ್ಟೂ ಫೋನು ಅಜ್ಜಂಪುರದಲ್ಲಿ ನನ್ನ ಹೆಂಡತಿಯ ಕಿವಿಯಲ್ಲಿ ಕಿರುಚುತ್ತಿದೆ! ಕಳ್ಳನನ್ನು ಹಿಡಿಯಲು ನಾನು ಒಡ್ಡಿದ ಬಲೆಗೆ ಅಷ್ಟೂ ಊರಿನ ತೆಂಗಿನ ಬೆಳೆಗಾರರು ಬಿದ್ದಿದ್ದರು.

ಕಮಲಾಕ್ಷಮ್ಮನವರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಷ್ಟೇನಾ? ನಮ್ ತಮ್ಮ ಬೆಂಗ್ಳೂರಿಂದ ಒಂದ್ ರಿಂಗ್ ಕೊಟ್ಟು ಇಟ್ಬಿಡ್ತಾನೆ. ಆಮ್ಯಾಕೆ ನಾವೇ ಮಾಡ್ಬೇಕು. ನಿನ್ ಮಿಷಿನ್ನೂ ಅದ್ನೇ ತಾನೇ ಮಾಡ್ತಿರಾದು? ಅವನು ಏಳ್ನೇ ಕ್ಲಾಸ್ ಫೇಲು ಕಣಪ್ಪಾ."

ಗಾಯಕ್ಕೆ ಉಪ್ಪು ಹಚ್ಚಿಸಿಕೊಳ್ಳಲು ಸಮಯವಿರಲಿಲ್ಲ. ಕಚೇರಿಗೆ ಫೋನ್ ಮಾಡಿ ಸರ್ವರ್ ಆರಿಸಲು ಹೇಳಬೇಕು. ಮಾಡಿದೆ. ಸರ್ವರೇ ಎತ್ತಿತು, ಕಟ್ ಮಾಡಿತು, ನನಗೇ ವಾಪಸ್ ಮಾಡಿ ಕಿರುಚಿತು! ಬೇರೆ ಲೈನಿಲ್ಲ. ಪಂಚಾಕ್ಷರಪ್ಪನವರ ಮೊಬೈಲ್? ಮೊಬೈಲ್ ಎಂಬುದು ನಮ್ಮ ಕಡೆ ಇನ್ನೂ ಕಂಟ್ರಾಕ್ಟರುಗಳ ಸೊಂಟದಲ್ಲಿ ಮಾತ್ರ ಕಾಣುವ ಆಭರಣ. ನಾನು ಮತ್ತೆ ಮತ್ತೆ ನಂಬರು ಒತ್ತಿದೆ. ಒತ್ತಿದಷ್ಟೂ ಅದು ನನ್ನನ್ನು ಪ್ರೀತಿಯಿಂದ ವಾಪಸ್ ಕರೆಯಿತು.

ತಿರುಗಿ ನೋಡುತ್ತೇನೆ, ಸುಮನಾ ಒಳಗಿಂದ ಬರುತ್ತಿದ್ದಾಳೆ. ಇಸ್ತ್ರಿ ಮಾಡಿಟ್ಟಿದ್ದ ತಿಳಿನೀಲಿ ಸೀರೆ, ಹೆಗಲಿಗೆ ಚೀಲ. ಕೊನೆಯ ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಸೆರಗು ಸರಿಪಡಿಸುತ್ತಿದ್ದಾಳೆ.

"ಎಲ್ಲಿಗೆ?"

"ತರೀಕೆರೆಗೆ. ಬಸ್ಸಿದೆ."

"ಅವರು ಫೋನ್ ಮಾಡ್ತೀನಿ ಅಂದಿದಾರಲ್ಲೇ? ಕರೀದೆ ಹೋದ್ರೆ ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಲಿ. ಸದ್ಯಕ್ಕೆ ನಮ್ಮನೇಲಿ ಯಾರೋ ಸಾಯ್ತಿದಾರೆ ಅಂದ್ಕೊಂಡಿದಾರೆ, ಅದಕ್ಕಿಂತ ವಾಸಿ."

"ನೀನು ದಾರೀಲಿರೋವಾಗ ಫೋನ್ ಬಂದ್ರೆ?"

"ನೀವೇ ಎತ್ತಿ. ಕಿರುಚದೆ ಮಾತಾಡಿ, ಅಷ್ಟು ಸಾಕು."

ಬಾಗಿಲು ದಾಟುವಾಗ ಚಪ್ಪಲಿಗೆ ಕಾಲು ಸಿಗದೆ ಎರಡು ಸಲ ತಡವಿದಳು. ನಾನು ಬಗ್ಗಿ ಚಪ್ಪಲಿ ಸರಿ ಮಾಡಿ ಕೊಟ್ಟೆ. ಬೀದಿಯ ತಿರುವಿನವರೆಗೂ ಅವಳ ತುಟಿ ಅಲ್ಲಾಡುತ್ತಿತ್ತು. ನಮಸ್ಕಾರ ಮೇಡಂ, ನಾನು ಸುಮನಾ.

ಒಳಗೆ ಫೋನ್ ರಿಂಗಾಯಿತು. ಕ್ರೀಂಯ್. ಇಟ್ಟೆ. ರಿಂಗಾಯಿತು. ಕ್ರೀಂಯ್. ಕಮಲಾಕ್ಷಮ್ಮನವರು ಜಗಲಿಯ ಮೇಲೆ ಕುಳಿತು, "ರೇಟ್ ಏನಾರಾ ಏಳ್ತಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ನನ್ನ ತಲೆಯೊಳಗೆ ಯಾವುದೋ ತಂತಿ ಕಾದು ಕೆಂಪಾಯಿತು. ಮತ್ತೆ ರಿಂಗಾದಾಗ ರಿಸೀವರ್ ಎತ್ತಿ, ಅದು ಬಾಯಿ ತೆರೆಯುವ ಮೊದಲೇ ನಾನೇ ತೆರೆದೆ.

"ಲೇ ಹಾಳಾದ್ದೇ! ಬಾಯ್ಮುಚ್ಚು! ಇನ್ನೊಂದ್ಸಲ ಈ ಮನೆಗೆ ಫೋನ್ ಮಾಡಿದ್ರೆ ಅಲ್ಲಿಗೇ ಬಂದು ವೈರ್ ಕಿತ್ತು, ನಿನ್ನ ಎತ್ಕೊಂಡ್ಹೋಗಿ ಭದ್ರಾ ಡ್ಯಾಮಿಗೆ ಎಸೀತೀನಿ!"

ಆ ಕಡೆಯಿಂದ ಕಿರುಚಾಟ ಬರಲಿಲ್ಲ. ಒಂದು ಕೆಮ್ಮು ಬಂತು.

"...ಇದು ಸುಮನಾ ಅವರ ಮನೆಯಾ?"

ವೀರರು ಇಂಥ ಹೊತ್ತಿನಲ್ಲಿ ಕ್ಷಮೆ ಕೇಳುತ್ತಾರೆ. ನಾನು ಫೋನ್ ಇಟ್ಟುಬಿಟ್ಟೆ! ಕೈ ತಾನಾಗಿಯೇ ಇಟ್ಟುಬಿಟ್ಟಿತು. ಆಮೇಲೆ ಫೋನಿಗೆ ಕೈಮುಗಿದು ನಿಂತೆ. ಮತ್ತೆ ರಿಂಗಾಗಲಿ, ತಾಯಿ, ಒಂದೇ ಒಂದು ಸಲ ಮಾಡಿ, ಕಾಲು ಹಿಡಿಯುತ್ತೇನೆ. ರಿಂಗಾಯಿತು. "ಮೇಡಂ, ದಯವಿಟ್ಟು..." ಎಂದೆ. ಕ್ರೀಂಯ್!

ಮನೆಗೆ ಬೀಗ ಹಾಕಿ ಕಡೂರಿಗೆ ಓಡಿದೆ. ಬೀರೂರು ಬಸ್ಸಿನಲ್ಲಿ ಕೂರಲು ಜಾಗವಿತ್ತು, ಕೂರಲು ಆಗಲಿಲ್ಲ. ಕಂಡಕ್ಟರ್, "ಕೂತ್ಕೊಳ್ಳಿ ಸಾರ್, ನಿಂತ್ರೆ ಬಸ್ಸೇನು ಬೇಗ ಹೋಗಲ್ಲ" ಎಂದ. ಕಿಟಕಿಯಾಚೆ ತೆಂಗಿನ ತೋಟಗಳು ಓಡುತ್ತಿದ್ದವು. ಒಂದೊಂದು ಮರವೂ ಕಡೂರಿಗೆ ಫೋನ್ ಮಾಡುತ್ತಿರುವಂತೆ ಕಂಡಿತು.

ಕಚೇರಿಯಲ್ಲಿ ಸ್ವರ್ಗಸಮಾನ ಶಾಂತಿ. ನಿರ್ದೇಶಕರು ಸರ್ವರಿನ ಮುಂದೆ ಸಾಲಾಗಿ ಕುಳಿತು ಖಾರ ಮಂಡಕ್ಕಿ ತಿನ್ನುತ್ತಿದ್ದರು. ನಾನು ಯಾರನ್ನೂ ನೋಡದೆ ಮೂಲೆಗೆ ನುಗ್ಗಿ ಸರ್ವರಿಗೆ ಹೋಗುವ ಫೋನಿನ ತಂತಿ ಕಿತ್ತೆ.

"ಏನ್ರೀ, ಕಂಪ್ಯೂಟರಿನೊಳಗೆ ಬರ್ತೀನಿ ಅಂದೋರು ಬಾಗಿಲಲ್ಲೇ ಬಂದ್ರಲ್ಲ!" ಎಂದರು ಪಂಚಾಕ್ಷರಪ್ಪನವರು. ಅವರ ಮುಖದಲ್ಲಿ ನಾನೆಂದೂ ಕಾಣದ ಕಾಂತಿಯಿತ್ತು. "ಆದ್ರೂ ನಿಮ್ಮ ಏರ್ಪಾಡು ಭೇಷ್ ಕಣ್ರೀ! ಹರಾಜಿನ ದಿನ ಬೆಳಿಗ್ಗೆಯಿಂದ ಒಂದೇ ಒಂದು ಫೋನ್ ಎತ್ತಿಲ್ಲ, ಒಂದು ರಿಂಗಿಗೇ ತಾವಾಗಿ ತಣ್ಣಗಾಗ್ತಿವೆ! ಮೇಜಿನ ಮೇಲೆ ತಲೆಯಿಟ್ಟು ಒಂದು ಜೊಂಪು ನಿದ್ದೆನೂ ಆಯ್ತು. ಇದನ್ನ ಖಾಯಂ ಮಾಡ್ಬಿಡಿ."

ಮಾತು ಮುಗಿಯುವ ಮೊದಲೇ ಅವರ ಮೇಜಿನ ಫೋನ್ ರಿಂಗಾಯಿತು. ಎತ್ತಿ, "ಹಲೋ" ಎಂದರು. ಮುಂದಿನದನ್ನು ಅವರು ನಿಂತುಕೊಂಡು ಕೇಳಿಸಿಕೊಂಡರು. ಬೆಳಿಗ್ಗೆಯಿಂದ ಟಪ್ ಎನಿಸಿಕೊಂಡಿದ್ದ ಬೆಳೆಗಾರರು ಕೂಡಿಟ್ಟಿದ್ದನ್ನೆಲ್ಲ ಒಬ್ಬೊಬ್ಬರಾಗಿ ಸಲ್ಲಿಸತೊಡಗಿದರು. ನಾನು ಹಿಂಬಾಗಿಲಿನಿಂದ ಹೊರಬಿದ್ದೆ.

ನಾನು ಮನೆ ಸೇರಿದಾಗ ಸುಮನಾ ಇನ್ನೂ ಬಂದಿರಲಿಲ್ಲ. ಕಾಫಿ ಮಾಡಿಟ್ಟೆ, ಆರಿತು, ಬಿಸಿ ಮಾಡಿದೆ, ಮತ್ತೆ ಆರಿತು. ಫೋನ್ ಸತ್ತಂತೆ ಬಿದ್ದಿತ್ತು. ಈಗ ಬರಬಾರದೇ, ದರಿದ್ರದ್ದು! ಕ್ಷಮೆ ಕೇಳಲು ಎಂಟು ಬಗೆಯ ವಾಕ್ಯಗಳನ್ನು ಸಾಸಿವೆ ಡಬ್ಬಿಯ ಮುಂದೆ ನಿಂತು ಅಭ್ಯಾಸ ಮಾಡಿದೆ.

ಕತ್ತಲಾಗುವ ಮೊದಲು ಗೇಟಿನ ಸದ್ದಾಯಿತು. ಅವಳು ಒಳಗೆ ಬಂದು ಚೀಲವನ್ನು ಗೂಟಕ್ಕೆ ಸಿಕ್ಕಿಸಿ ನೀರು ಕುಡಿದಳು. ಮುಖದಲ್ಲಿ ಏನೂ ಬರೆದಿರಲಿಲ್ಲ.

"ತಪ್ಪಾಯ್ತು ಕಣೇ" ಎಂದೆ. ಎಂಟು ವಾಕ್ಯಗಳೂ ಎಲ್ಲಿಗೆ ಹೋದವೋ! "ಅವರು ಇನ್ನೊಂದ್ಸಲ ಮಾಡಿದ್ರು. ನಾನು ಸರ್ವರ್ ಅಂದ್ಕೊಂಡು..."

"ಗೊತ್ತು. ಭದ್ರಾ ಡ್ಯಾಮು."

"ನಾಳೆನೇ ನಾನು ಹೋಗಿ ಅವರ ಕಾಲಿಗೆ ಬೀಳ್ತೀನಿ."

"ಬೇಡ. ಸೋಮವಾರದಿಂದ ಕೆಲಸಕ್ಕೆ ಬರೋಕ್ಹೇಳಿದಾರೆ."

ನಾನು ಎಗರಿದ ರಭಸಕ್ಕೆ ಉಯ್ಯಾಲೆ ಹೋಗಿ ಗೋಡೆಗೆ ಬಡಿಯಿತು. "ನೋಡ್ದಾ! ನಾನು ಹೇಳಿರ್ಲಿಲ್ವಾ? ನಿನ್ನ ಬಿ.ಎಡ್. ಮಾರ್ಕ್ಸಿಗೆ ಯಾರು ತಾನೇ..."

"ಮಾರ್ಕ್ಸು ಅವಳದ್ದೇ ಜಾಸ್ತಿ."

"ಹಾಗಾದ್ರೆ ನಿನ್ನ ಪಾಠದ ಶೈಲಿ!"

"ಪಾಠನೂ ಅವಳೇ ಚೆನ್ನಾಗಿ ಮಾಡಿದ್ಲಂತೆ."

"ಮತ್ತೆ?"

ಸುಮನಾ ಉಯ್ಯಾಲೆ ನಿಲ್ಲಿಸಿ ಅದರ ಮೇಲೆ ಕುಳಿತಳು. ಬೆಳಗಿನಿಂದ ಮೊದಲ ಸಲ ಅವಳ ತುಟಿಯಂಚಿನಲ್ಲಿ ನಗು ಕಾಣಿಸಿತು.

"ಎಂಟನೇ ಕ್ಲಾಸ್ ಬಿ ಸೆಕ್ಷನ್ನಿಗೆ ಯಾವ ಟೀಚರೂ ನಿಲ್ತಾ ಇಲ್ವಂತೆ. ಹುಡುಗರ ಗಲಾಟೆಗೆ ಹೆದರಿ ಓಡಿಹೋಗ್ತಾರಂತೆ. ಮೇಡಂ ಕೇಳಿದ್ರು, 'ಅಲ್ಲಮ್ಮಾ, ಮೊದಲನೇ ಸಲ ಫೋನ್ ಮಾಡಿದ್ರೆ ಯಾರೋ ಕಿರುಚಿದ್ರು, ಎರಡನೇ ಸಲ ಯಾರೋ ಡ್ಯಾಮಿಗೆ ಎಸೀತೀನಿ ಅಂದ್ರು. ನಿಮ್ಮನೇಲಿ ಒಟ್ಟು ಎಷ್ಟು ಜನ?' 'ಇಬ್ಬರೇ ಮೇಡಂ, ನಾನು, ನಮ್ಮನೆಯವರು' ಅಂದೆ."

"ಮೋಡೆಮ್ ವಿಷಯ ಹೇಳ್ಬೇಕಿತ್ತಲ್ಲೇ!"

"ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಮೇಡಂ ನನ್ನನ್ನೇ ದಿಟ್ಟಿಸಿ ನೋಡಿ, 'ಅವರ ಜೊತೆ ಎಷ್ಟು ವರ್ಷದಿಂದ ಇದೀರಿ?' ಅಂದ್ರು. 'ಒಂಬತ್ತು ವರ್ಷ' ಅಂದೆ. ನನ್ನ ಅರ್ಜಿ ಮುಂದಕ್ಕೆ ಎಳ್ಕೊಂಡ್ರು. ಅನುಭವ ಅನ್ನೋ ಕಡೆ ನಾನು 'ಇಲ್ಲ' ಅಂತ ಬರೆದಿದ್ದೆ. ಅದನ್ನ ಹೊಡೆದುಹಾಕಿ, ತಾವೇ ಬರೆದ್ರು, 'ಒಂಬತ್ತು ವರ್ಷ' ಅಂತ."